ಬೈಕಿನ ಹಿಂದೆ ಕಾರ್ ಟೈರು: ಎಳೆತ, ಓಲಾಟ, ನಡುಕದ ಕಾರಣ ಹುಡುಕೋದು ಹೇಗೆ

ಟೆಕ್ಸಸ್‌ನ ಆಸ್ಟಿನ್‌ನಲ್ಲಿ ನಾನು ಸೆಕೆಂಡ್ ಹ್ಯಾಂಡ್ ಹೋಂಡಾ ಗೋಲ್ಡ್ ವಿಂಗ್ ಕೊಂಡೆ. ಜಿಎಲ್ 1800, 2008ರ ಮಾಡೆಲ್. ಇಂಜಿನ್ ಬೆಣ್ಣೆ ಥರ ಇತ್ತು. ಆದರೆ ಗಾಡಿ ರಸ್ತೆಯ ಬಲಗಡೆಗೆ ಎಳೆಯುತ್ತಿತ್ತು. ನಿಧಾನಕ್ಕೆ ಹೋಗುವಾಗ ಸೀಟು ಅತ್ತ ಇತ್ತ ಓಲಾಡುತ್ತಿತ್ತು. ಹಿಂದೆ ಕೂತಿದ್ದ ನನ್ನ ಹೆಂಡತಿ ಮೊದಲ ದಿನವೇ ಕೇಳಿದಳು, "ರೀ, ಇದೇನು ದೋಣಿ ಥರ ತೂಗಾಡ್ತಿದೆ?"

ನಾನು ಮೊದಲು ಮುಂದಿನ ಫೋರ್ಕ್ ನೋಡಿದೆ. ಆಮೇಲೆ ಕೋನ್ ಸೆಟ್ (ಹ್ಯಾಂಡಲ್ ತಿರುಗೋ ಕಡೆಯ ಬೇರಿಂಗ್) ಮೇಲೆ ಅನುಮಾನ ಬಂತು. ಒಂದು ವಾರ ಹೀಗೇ ಕಳೆಯಿತು. ಒಂದು ಸಂಜೆ ಗಾಡಿ ತೊಳೆಯೋಕೆ ಹಿಂದೆ ಮಂಡಿಯೂರಿ ಕೂತಾಗ ಕಣ್ಣಿಗೆ ಬಿತ್ತು: ಹಿಂದಿನ ಟೈರು ದುಂಡಗಿಲ್ಲ, ಚಪ್ಪಟೆಯಾಗಿದೆ! ಎರಡು ದೊಡ್ಡ ಪೆಟ್ಟಿಗೆಗಳ ನಡುವೆ, ಮಡ್‌ಗಾರ್ಡ್ ಒಳಗೆ ಅಡಗಿ ಕೂತಿರೋ ಟೈರನ್ನು ನಿಂತು ನೋಡಿದರೆ ಕಾಣೋದಿಲ್ಲ. ಪಕ್ಕದಲ್ಲಿ 195/55 ಆರ್ 16 ಅಂತ ಬರೆದಿತ್ತು. ಅದು ಕಾರಿನ ಟೈರು. ನನಗೆ ಮಾರಿದವರು ಇದನ್ನು ಹೇಳಿರಲಿಲ್ಲ.

ಆಮೇಲೆ ನಾನು ಪರೀಕ್ಷೆ ಮಾಡಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಥರ ಗೊತ್ತಿಲ್ಲದೆ ಇಂಥ ಗಾಡಿ ಕೊಂಡವರಿಗೂ, ಬೇಕೆಂದೇ ಕಾರ್ ಟೈರು ಹಾಕಿಸಿಕೊಂಡು ಈಗ ಏನೋ ಸರಿಯಿಲ್ಲ ಅನಿಸುತ್ತಿರುವವರಿಗೂ ಉಪಯೋಗವಾಗಬೇಕು.

ಮೊದಲು ತಿಳಿದಿರಬೇಕಾದದ್ದು

ಅಮೆರಿಕದಲ್ಲಿ ದೂರ ಓಡಿಸೋ ಬೈಕಿನವರಲ್ಲಿ ಈ ಪದ್ಧತಿ ಹಳೆಯದು. ಇದಕ್ಕೆ ಡಾರ್ಕ್ ಸೈಡ್ ಅಂತಲೇ ಹೆಸರಿದೆ. ಕಾರಣ ಸರಳ. ನನ್ನ ಮಾಡೆಲ್ಲಿನ ಗೋಲ್ಡ್ ವಿಂಗ್ ತೂಕ 400 ಕಿಲೋ ದಾಟುತ್ತದೆ. ಇಬ್ಬರು ಕೂತು, ಪೆಟ್ಟಿಗೆ ತುಂಬಿಸಿಕೊಂಡು, ನೇರ ಹೈವೇಯಲ್ಲಿ ದಿನಕ್ಕೆ 500 ಮೈಲಿ ಹೋದರೆ ಬೈಕಿನ ಟೈರಿನ ನಡುಭಾಗ ಬೇಗ ಸವೆಯುತ್ತದೆ. ಕಾರ್ ಟೈರು ಅದರ ಎರಡರಷ್ಟೋ ಇನ್ನೂ ಜಾಸ್ತಿಯೋ ಬಾಳುತ್ತದೆ, ಬೆಲೆಯೂ ಸಾಮಾನ್ಯವಾಗಿ ಕಮ್ಮಿ. ನನ್ನ ಮಾಡೆಲ್ಲಿನ ಜಿಎಲ್ 1800ಗೆ ಕಂಪನಿ ಹೇಳಿದ ಹಿಂದಿನ ಟೈರಿನ ಅಳತೆ 180/60 ಆರ್ 16 (ಅಗಲ ಮಿಲಿಮೀಟರಿನಲ್ಲಿ, ಪಕ್ಕದ ಗೋಡೆಯ ಎತ್ತರ ಅಗಲದ ಪರ್ಸೆಂಟಿನಲ್ಲಿ, ರಿಮ್ಮು ಇಂಚಿನಲ್ಲಿ). ಲೆಕ್ಕ ಹಾಕಿದರೆ ಅದರ ಎತ್ತರ ಸುಮಾರು 622 ಮಿಲಿಮೀಟರ್. 195/55 ಆರ್ 16 ಕಾರ್ ಟೈರಿನದು 621. ಎತ್ತರ ಹೆಚ್ಚುಕಮ್ಮಿ ಒಂದೇ. ಹಾಗಾಗಿ ಜನಕ್ಕೆ ಆಸೆ ಹುಟ್ಟುತ್ತದೆ.

ಆದರೆ ಬೈಕ್ ಕಂಪನಿಗಳೂ ಟೈರ್ ಕಂಪನಿಗಳೂ ಇದನ್ನು ಬೇಡ ಅಂತಲೇ ಹೇಳುತ್ತವೆ. ಬಹಳಷ್ಟು ಟೈರ್ ಅಂಗಡಿಗಳು ಮುಟ್ಟೋದೇ ಇಲ್ಲ. ಅವರ ಮಾತಿನಲ್ಲಿ ಅರ್ಥವಿದೆ. ಕಾರ್ ಟೈರು ನೆಟ್ಟಗೆ ನಿಂತು ಓಡೋಕೆ ಮಾಡಿದ್ದು. ಬೈಕು ವಾಲುತ್ತದೆ. ಮೂರು ಗಾಲಿಯ ಟ್ರೈಕ್ ವಾಲೋದಿಲ್ಲ, ಅದಕ್ಕೇ ಅದರ ಹಿಂದೆ ಕಾರ್ ಟೈರು ಇದ್ದರೆ ಅದು ಸರಿಯಾದ ಟೈರೇ. ಎರಡು ಗಾಲಿಯ ಗಾಡಿಯ ಲೆಕ್ಕವೇ ಬೇರೆ. ಟ್ರೈಕ್ ಓಡಿಸೋರು ಚೆನ್ನಾಗಿದೆ ಅಂದರು ಅಂತ ನೀವು ಹಾಕಿಸಬೇಡಿ.

ಮೂರು ಬಗೆಯ ತೊಂದರೆ

ಹಿಂದೆ ಹಾಕಿದ ಕಾರ್ ಟೈರಿನಿಂದ ತೊಂದರೆ ಬಂದರೆ ಅದು ಹೆಚ್ಚಾಗಿ ಮೂರರಲ್ಲಿ ಒಂದು. ಕೂರಿಸಿದ್ದರಲ್ಲಿ ತಪ್ಪಾಗಿದೆ. ಅಥವಾ ಗಾಳಿ ಹೊಂದಿಲ್ಲ. ಅಥವಾ ಚಪ್ಪಟೆ ಟೈರಿನ ಸ್ವಭಾವವೇ ಅದು. ಮೊದಲನೆಯದು ಅಪಾಯ, ಗಾಡಿ ಅಲ್ಲೇ ನಿಲ್ಲಿಸಬೇಕು. ಎರಡನೆಯದು ಹತ್ತು ನಿಮಿಷದ ಕೆಲಸ. ಮೂರನೆಯದಕ್ಕೆ ರಿಪೇರಿ ಇಲ್ಲ. ಒಪ್ಪಿಕೊಂಡು ಓಡಿಸಬೇಕು, ಇಲ್ಲ ಟೈರು ಬದಲಿಸಬೇಕು.

ಕಷ್ಟ ಏನೆಂದರೆ ಸೀಟಿನ ಮೇಲೆ ಕೂತವರಿಗೆ ಮೂರೂ ಒಂದೇ ಥರ ಅನಿಸುತ್ತವೆ. "ಅಭ್ಯಾಸ ಆಗುತ್ತೆ ಬಿಡಿ" ಅಂತ ಹೇಳೋರು ಜಾಸ್ತಿ. ಸ್ವಭಾವದ ಮಟ್ಟಿಗೆ ಆ ಮಾತು ನಿಜ. ಆದರೆ ರಿಮ್ಮಿನ ಮೇಲೆ ಸರಿಯಾಗಿ ಕೂರದ ಟೈರಿಗೂ ಅದೇ ಮಾತು ಹೇಳಿದರೆ ಯಾರದ್ದೋ ಜೀವ ಹೋಗುತ್ತದೆ. ಅದಕ್ಕೇ ಅಪಾಯದ್ದನ್ನು ಮೊದಲು ನೋಡಿ.

ಗಾಡಿ ತೆಗೆಯೋ ಮುಂಚೆ: ಬೀಡ್ ಕೂತಿದೆಯಾ?

ಬೀಡ್ ಅಂದರೆ ರಿಮ್ಮಿಗೆ ಕಚ್ಚಿಕೊಳ್ಳೋ ಟೈರಿನ ಒಳ ಅಂಚು, ಒಳಗೆ ಉಕ್ಕಿನ ತಂತಿ ಇರುತ್ತದೆ. ಬೈಕಿನ ರಿಮ್ಮು, ಕಾರಿನ ರಿಮ್ಮು ಎರಡೂ 16 ಇಂಚು ಅಂತ ಬರೆದಿದ್ದರೂ ಅಂಚು ಕೂರುವ ಜಾಗದ ಆಕಾರ ಒಂದೇ ಅಲ್ಲ. ಒಳಗಿನ ಉಬ್ಬು ಬೇರೆ, ಇಳಿಜಾರು ಬೇರೆ. ಕಾರಿನ ರಿಮ್ಮಿಗೆಂದು ಮಾಡಿದ ಅಂಚು ಇಲ್ಲಿ ಸುಲಭಕ್ಕೆ ಕೂರೋದಿಲ್ಲ. ರನ್‌ಫ್ಲಾಟ್ (ಗಾಳಿ ಹೋದರೂ ಸ್ವಲ್ಪ ದೂರ ಓಡೋ) ಟೈರಾದರೆ ಪಕ್ಕದ ಗೋಡೆ ಇನ್ನೂ ಗಟ್ಟಿ, ಇನ್ನೂ ಕಷ್ಟ.

ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ಹಾಕಿ, ಗೇರ್ ನ್ಯೂಟ್ರಲ್ ಮಾಡಿ. ಟೈರಿನ ಪಕ್ಕದಲ್ಲಿ, ರಿಮ್ಮಿಗೆ ತಾಗಿದಂತೆ, ಸುತ್ತಲೂ ಒಂದು ತೆಳು ಗೆರೆ ಎದ್ದಿರುತ್ತದೆ. ಅಚ್ಚಿನಲ್ಲೇ ಬಂದ ಗೆರೆ ಅದು. ರಿಮ್ಮಿನ ಅಂಚಿನಿಂದ ಆ ಗೆರೆಗೆ ಎಷ್ಟು ದೂರ ಅಂತ ಸಣ್ಣ ಸ್ಕೇಲಿನಲ್ಲಿ ಅಳೆಯಿರಿ. ಗಾಲಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಎಂಟು ಕಡೆ ಅಳೆಯಿರಿ. ಆಮೇಲೆ ಇನ್ನೊಂದು ಪಕ್ಕವೂ ಅಷ್ಟೇ. ಎಲ್ಲ ಕಡೆ ಒಂದೇ ಬರಬೇಕು.

ನನ್ನ ಗಾಡಿಯಲ್ಲಿ ಏಳು ಕಡೆ 4 ಮಿಲಿಮೀಟರ್ ಇತ್ತು. ವಾಲ್ವಿನ ಎದುರು ಬದಿಯಲ್ಲಿ ಮಾತ್ರ ಗೆರೆ ಕಾಣಲೇ ಇಲ್ಲ. ಬೆರಳಿಟ್ಟು ಸವರಿದೆ. ಗೆರೆ ಒಂದು ಗೇಣಿನಷ್ಟು ಉದ್ದಕ್ಕೆ ರಿಮ್ಮಿನ ಒಳಗೆ ಮುಳುಗಿತ್ತು. ಅಲ್ಲಿ ಅಂಚು ಮೇಲೆ ಹತ್ತಿಯೇ ಇರಲಿಲ್ಲ. ಹಿಂದಿನವರು ಎಷ್ಟು ಮೈಲಿ ಹಾಗೇ ಓಡಿಸಿದ್ದರೋ! ಅದನ್ನು ನೋಡಿದ ಮೇಲೆ ಆ ಟೈರಿನ ಮೇಲೆ ಹೆಂಡತಿಯನ್ನು ಕೂರಿಸಲಿಲ್ಲ.

ನಿಧಾನಕ್ಕೆ ಹೋಗುವಾಗಿನ ಓಲಾಟಕ್ಕೆ ಇದೇ ಕಾರಣ. ಲೆಕ್ಕ ನೋಡಿ. ಈ ಟೈರು ಒಂದು ಸುತ್ತು ಉರುಳಿದರೆ ಸುಮಾರು 1.95 ಮೀಟರ್. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಮೂರು ಸುತ್ತಿನ ಹತ್ತಿರ. ಸೀಟು ಸೆಕೆಂಡಿಗೆ ಮೂರು ಸಲದಷ್ಟು ಓಲಾಡಿ, ವೇಗ ಹೆಚ್ಚಿಸಿದಂತೆ ಓಲಾಟವೂ ಅದೇ ತಾಳಕ್ಕೆ ವೇಗವಾದರೆ ಕಾರಣ ಗಾಲಿಯಲ್ಲೇ ಇದೆ. ರಸ್ತೆಯಲ್ಲಿಲ್ಲ, ನಿಮ್ಮ ಕೈಯಲ್ಲೂ ಇಲ್ಲ.

ಹಾಗೆ ಕಂಡರೆ ಟೈರಿನ ಗಾಳಿ ಪೂರ್ತಿ ಬಿಡಿ. ಅಂಚು ಕೂರದೆಯೇ ಓಡಿದ ಟೈರಾದರೆ ಮೊದಲು ಪೂರ್ತಿ ಬಿಚ್ಚಿ ಒಳಗೆ ನೋಡಿ, ಕಾರಣ ಕೊನೆಯಲ್ಲಿ ಹೇಳುತ್ತೇನೆ. ಅಂಚನ್ನು ಒಳಗೆ ತಳ್ಳಿ, ಟೈರ್ ಕೂರಿಸೋ ಜೆಲ್ ಸುತ್ತಲೂ ಹಚ್ಚಿ. ನಮ್ಮೂರ ಪಂಕ್ಚರ್ ಅಂಗಡಿಯಲ್ಲಿ ಸೋಪಿನ ನೀರು ಹಚ್ಚುತ್ತಿದ್ದರಲ್ಲ, ಅದೇ ಕೆಲಸ. ವಾಲ್ವಿನ ಪಿನ್ನು ತೆಗೆದು ಗಾಳಿ ಹೊಡೆದರೆ ಗಾಳಿ ಜೋರಾಗಿ ನುಗ್ಗಿ ಅಂಚು ಬೇಗ ಹತ್ತುತ್ತದೆ. ಟಪ್ ಅಂತ ಒಂದು ಸಲ, ಇನ್ನೊಂದು ಪಕ್ಕಕ್ಕೆ ಮತ್ತೊಂದು ಸಲ ಸದ್ದು ಬರಬೇಕು. ಬಂದ ಮೇಲೂ ಸ್ಕೇಲ್ ಹಿಡಿದು ಅಳೆಯಿರಿ. ಸದ್ದು ಬಂತು ಅಂದ ಮಾತ್ರಕ್ಕೆ ಪೂರ್ತಿ ಕೂತಿದೆ ಅಂತಲ್ಲ.

ಈಗ ತುಂಬ ಮುಖ್ಯವಾದ ಮಾತು. ಅಂಚು ಕೂರಲಿಲ್ಲ ಅಂತ 40 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಮೇಲೆ ಗಾಳಿ ಹೊಡೆಯಬೇಡಿ. ಕಾರ್ ಟೈರಿನ ಅಂಚು ಕೂರಿಸೋಕೆ ಅದೇ ಮಿತಿ. 60, 70 ಹೊಡೆದರೆ ಕೂರುತ್ತೆ ಅಂತ ಹೇಳೋರು ಸಿಗುತ್ತಾರೆ. ಕೂತರೂ ಕೂರಬಹುದು. ಆದರೆ ಅಂಚಿನ ತಂತಿ ಹರಿದರೆ ಟೈರು ಸಿಡಿಯುತ್ತದೆ. ಆ ಸಿಡಿತಕ್ಕೆ ಕೈ ಮುರಿದಿದೆ, ಪ್ರಾಣವೂ ಹೋಗಿದೆ. ಎರಡು ಮೂರು ಸಲ ಜೆಲ್ ಹಚ್ಚಿ ಪ್ರಯತ್ನಿಸಿದರೂ 40ರ ಒಳಗೆ ಕೂರದಿದ್ದರೆ ಆ ಟೈರಿಗೂ ಆ ರಿಮ್ಮಿಗೂ ಹೊಂದಾಣಿಕೆ ಇಲ್ಲ ಅಂತ ಅರ್ಥ. ಅಲ್ಲಿಗೆ ಬಿಟ್ಟುಬಿಡಿ.

ಕೂತ ಮೇಲೆ ಅಂಚಿನ ಸುತ್ತ ಸೋಪಿನ ನೀರು ಸುರಿದು ಗುಳ್ಳೆ ಏಳುತ್ತಾ ನೋಡಿ. ಮರುದಿನ ಬೆಳಗ್ಗೆ ಗಾಳಿ ಮತ್ತೆ ಅಳೆಯಿರಿ.

ಎಲ್ಲಾದರೂ ಉಜ್ಜುತ್ತಿದೆಯಾ?

ಜಿಎಲ್ 1800ರ ಸ್ವಿಂಗ್‌ಆರ್ಮ್ (ಹಿಂದಿನ ಗಾಲಿಯನ್ನು ಹಿಡಿದಿರೋ ತೋಳು) ಒಂದೇ ಪಕ್ಕದ್ದು. ಗಾಲಿ ಕಾರಿನ ಥರ ಐದು ನಟ್ಟಿನ ಮೇಲೆ ನಿಂತಿರುತ್ತದೆ. ಅಗಲದ ಟೈರು ಹಾಕಿದಾಗ ಆರ್ಮಿನ ಕಡೆ ಸಂದು ಕಿರಿದಾಗುತ್ತದೆ. ಟಾರ್ಚ್ ಹಾಕಿ ಆರ್ಮಿನ ಒಳಮೈ, ಮಡ್‌ಗಾರ್ಡಿನ ಒಳಮೈ ಎರಡನ್ನೂ ನೋಡಿ. ಹೊಳೆಯೋ ಗೀರು, ರಬ್ಬರಿನ ಕಪ್ಪು ಪುಡಿ, ಟೈರಿನ ಪಕ್ಕದಲ್ಲಿ ಸುತ್ತಲೂ ಉಜ್ಜಿದ ಪಟ್ಟಿ, ಇವುಗಳಲ್ಲಿ ಒಂದು ಕಂಡರೂ ಸಾಕು. ನಿಂತಾಗ ಕಾಗದ ತೂರುವಷ್ಟು ಜಾಗ ಇದೆ ಅಂತ ಸಮಾಧಾನ ಪಡಬೇಡಿ. ಓಡುವಾಗ ಟೈರು ಬಿಸಿಯಾಗಿ ಹಿಗ್ಗುತ್ತದೆ, ಭಾರ ಬಿದ್ದಾಗ ಪಕ್ಕಕ್ಕೆ ಉಬ್ಬುತ್ತದೆ, ತಿರುವಿನಲ್ಲಿ ಬಾಗುತ್ತದೆ. ಉಜ್ಜಿದ ಗುರುತಿದ್ದರೆ ಆ ಅಳತೆ ನಿಮ್ಮ ಗಾಡಿಗೆ ಆಗೋದಿಲ್ಲ. ಇದಕ್ಕೆ ಬೇರೆ ಉಪಾಯ ಹುಡುಕಬೇಡಿ.

ಹಾಗೇ ಟೈರಿನ ಪಕ್ಕದ ಬರಹ ಓದಿ. ಡಿಒಟಿ ಅಂತ ಶುರುವಾಗೋ ಸಾಲಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 2316 ಅಂದರೆ 2016ರ 23ನೇ ವಾರ. ಕಾರ್ ಟೈರು ಬೇಗ ಸವೆಯೋದಿಲ್ಲ, ಅದಕ್ಕೇ ಹಳೆಯದಾದರೂ ಹೊಸದರಂತೆ ಕಾಣುತ್ತದೆ. ಗ್ರಿಪ್ ಇದೆ ಅಂತ ಮೋಸ ಹೋಗಬೇಡಿ, ರಬ್ಬರಿನಲ್ಲಿ ಸಣ್ಣ ಬಿರುಕು ಇದೆಯಾ ಅಂತ ಬಗ್ಗಿ ನೋಡಿ.

ಭಾರದ ಅಂಕಿಯ ಬಗ್ಗೆಯೂ ಒಂದು ಮಾತು. ಬೈಕ್ ಟೈರಿನ ಮೇಲೆ 74 ಅಂತ ಇರುತ್ತದೆ, ಅಂದರೆ 375 ಕಿಲೋ. 195/55 ಆರ್ 16 ಕಾರ್ ಟೈರಿನ ಮೇಲೆ ಸಾಮಾನ್ಯವಾಗಿ 87, ಅಂದರೆ 545 ಕಿಲೋ. ಇದನ್ನು ತೋರಿಸಿ ಕಾರ್ ಟೈರೇ ಗಟ್ಟಿ ಅಂತ ವಾದ ಮಾಡುತ್ತಾರೆ. ಆ 545 ಕಿಲೋ ಪೂರ್ತಿ ಗಾಳಿ ಇದ್ದಾಗ, ನೆಟ್ಟಗೆ ನಿಂತಾಗ ಹೊರೋ ಭಾರ. ಗಾಳಿ ಇಳಿಸಿದರೆ ಅದೂ ಇಳಿಯುತ್ತದೆ. ಬೈಕು ವಾಲಿದಾಗ ಭಾರವೆಲ್ಲ ಒಂದು ಅಂಚಿನ ಮೇಲೆ ಬೀಳುವುದಕ್ಕೆ ಆ ಅಂಕಿಯಲ್ಲಿ ಲೆಕ್ಕವೇ ಇಲ್ಲ.

ಗಾಳಿ, ಮತ್ತೆ ಒಂದು ಚಾಕ್‌ಪೀಸ್

ಕೂರಿಸಿದ್ದು ಸರಿ ಇದೆ ಅಂತ ಖಾತ್ರಿಯಾದ ಮೇಲೆ ಮಾತ್ರ ಇಲ್ಲಿಗೆ ಬನ್ನಿ.

ಜಿಎಲ್ 1800ರ ಪುಸ್ತಕದಲ್ಲಿ ಹಿಂದಿನ ಟೈರಿಗೆ 41 ಪಿಎಸ್‌ಐ ಅಂತ ಇದೆ. ಅದು ಬೈಕ್ ಟೈರಿಗೆ ಹೇಳಿದ್ದು. ಕಾರ್ ಟೈರಿಗೂ ಅಷ್ಟೇ ಹೊಡೆದರೆ ಮೈಯೆಲ್ಲ ಬಿಗಿಯಾಗಿ ನಡುಭಾಗದ ಮೇಲೆ ಮಾತ್ರ ಓಡುತ್ತದೆ. ರಸ್ತೆಯ ಪ್ರತಿ ಗೆರೆಯನ್ನೂ ಹಿಡಿದು ಹೋಗುತ್ತದೆ, ವಾಲಿಸುವಾಗ ಮೊಂಡು ಹಿಡಿಯುತ್ತದೆ. ತುಂಬ ಇಳಿಸಿದರೆ ಪಕ್ಕದ ಗೋಡೆ ಮೆತ್ತಗಾಗಿ ಹಿಂಭಾಗ ಜಾರಿದಂತೆ ಹೊಯ್ದಾಡುತ್ತದೆ, ಟೈರು ಬಿಸಿಯಾಗುತ್ತದೆ. ಹೀಗೆ ಓಡಿಸೋರಲ್ಲಿ ಬಹಳ ಜನ ಇವೆರಡರ ನಡುವೆ, 30ರಿಂದ 36ರ ಆಸುಪಾಸಿನಲ್ಲಿ ನಿಲ್ಲುತ್ತಾರೆ. ನಿಮ್ಮ ಗಾಡಿ, ನಿಮ್ಮ ಟೈರು, ನಿಮ್ಮ ಭಾರಕ್ಕೆ ಯಾವುದು ಅಂತ ನೀವೇ ಕಂಡುಕೊಳ್ಳಬೇಕು.

ಅದಕ್ಕೆ ಚಾಕ್‌ಪೀಸ್ ಬೇಕು, ಮಕ್ಕಳು ರಸ್ತೆ ಮೇಲೆ ಬರೆಯೋ ದಪ್ಪದ್ದು. ಬೆಳಗ್ಗೆ ಟೈರು ತಣ್ಣಗಿರುವಾಗ 36 ಹೊಡೆಯಿರಿ. ಟೈರಿನ ಈ ಅಂಚಿನಿಂದ ಆ ಅಂಚಿಗೆ ಅಡ್ಡಡ್ಡ ದಪ್ಪಗೆ ಗೆರೆ ಎಳೆಯಿರಿ. ನಾಲ್ಕೈದು ಕಡೆ ಎಳೆಯಿರಿ. ಪ್ರತಿದಿನ ಎಷ್ಟು ಭಾರ ಇರುತ್ತದೋ ಅಷ್ಟೇ ಭಾರದಲ್ಲಿ ಕಾಲು ಮೈಲಿ ನೇರ ಹೋಗಿ ಬನ್ನಿ. ಇಳಿದು ನೋಡಿ.

ನಡುವೆ ಮಾತ್ರ ಅಳಿಸಿ ಎರಡೂ ಅಂಚಿನಲ್ಲಿ ಚಾಕ್ ಉಳಿದಿದ್ದರೆ ಗಾಳಿ ಜಾಸ್ತಿ. ಅಂಚಿನಲ್ಲಿ ಅಳಿಸಿ ನಡುವೆ ಉಳಿದಿದ್ದರೆ ಗಾಳಿ ಕಮ್ಮಿ. ಒಂದೊಂದೇ ಪಿಎಸ್‌ಐ ಬದಲಿಸಿ ಮತ್ತೆ ಗೆರೆ ಎಳೆಯಿರಿ. ಅಗಲಕ್ಕೂ ಒಂದೇ ಸಮ ಅಳಿಸುವ ಹಂತ ಬರುತ್ತದೆ. ನನ್ನ ಗಾಡಿಯಲ್ಲಿ ಒಬ್ಬನೇ ಹೋಗುವಾಗ 33ಕ್ಕೆ ಅದು ಬಂತು. 41ರಿಂದ 33ಕ್ಕೆ ಇಳಿಸಿದಾಗ ಬಲಕ್ಕೆ ಎಳೆಯೋದು ಅರ್ಧಕ್ಕರ್ಧ ಕಮ್ಮಿಯಾಯಿತು. ಒಂದು ಪಕ್ಕ ಅಳಿಸಿ ಇನ್ನೊಂದು ಪಕ್ಕ ಉಳಿದರೆ ಮಾತ್ರ ಅದು ಗಾಳಿಯ ಮಾತಲ್ಲ. ವಾಪಸ್ ಬೀಡ್ ಹತ್ತಿರ ಹೋಗಿ, ಗಾಲಿಯ ಐದು ನಟ್ಟು ಸಮನಾಗಿ ಬಿಗಿದಿದೆಯಾ ನೋಡಿ.

ಯಾವಾಗಲೂ ತಣ್ಣಗಿರುವಾಗಲೇ ಅಳೆಯಿರಿ. ಹವೆ 10 ಡಿಗ್ರಿ ಫ್ಯಾರನ್‌ಹೀಟ್ ಏರಿದರೆ ಗಾಳಿ ಸುಮಾರು 1 ಪಿಎಸ್‌ಐ ಏರುತ್ತದೆ. ಟೆಕ್ಸಸ್‌ನ ಜುಲೈ ಬಿಸಿಲಲ್ಲಿ ಮಧ್ಯಾಹ್ನ ಅಳೆದು ಇಳಿಸಿದರೆ ಮರುದಿನ ಬೆಳಗ್ಗೆ ಕಮ್ಮಿ ಗಾಳಿಯಲ್ಲಿ ಹೊರಟಿರುತ್ತೀರಿ.

ರನ್‌ಫ್ಲಾಟ್ ಹಾಕಿಸಿದವರಿಗೆ ಇನ್ನೊಂದು ಎಚ್ಚರಿಕೆ. ಅದರ ಪಕ್ಕದ ಗೋಡೆ ಎಷ್ಟು ಗಟ್ಟಿ ಅಂದರೆ ಗಾಳಿ ಪೂರ್ತಿ ಹೋದರೂ ಗಾಡಿ ನಿಂತೇ ಇರುತ್ತದೆ. ಕಣ್ಣಿಗೆ ಏನೂ ಕಾಣೋದಿಲ್ಲ. ನಿನ್ನೆಯವರೆಗೆ ಸರಿ ಇದ್ದ ಗಾಡಿ ಇವತ್ತು ತಿರುವಿನಲ್ಲಿ ಭಾರ ಅನಿಸಿದರೆ ಮೊದಲು ಗೇಜ್ ಹಿಡಿಯಿರಿ.

ಒಂದೇ ಕಡೆಗೆ ಎಳೆಯುತ್ತಿದ್ದರೆ

ಮಳೆ ನೀರು ಹರಿದು ಹೋಗಲಿ ಅಂತ ರಸ್ತೆಯ ನಡುಭಾಗ ಎತ್ತರ, ಅಂಚು ತಗ್ಗು. ಅಮೆರಿಕದಲ್ಲಿ ಬಲಗಡೆ ಓಡಿಸುತ್ತೇವೆ, ಹಾಗಾಗಿ ನಾವು ಯಾವಾಗಲೂ ಬಲಕ್ಕೆ ಇಳಿಜಾರಾದ ರಸ್ತೆಯ ಮೇಲೇ ಇರುತ್ತೇವೆ. ದುಂಡು ಟೈರಿಗೆ ಇದು ಲೆಕ್ಕಕ್ಕೇ ಬರೋದಿಲ್ಲ. ಚಪ್ಪಟೆ ಟೈರಿನ ಎಡ ಅಂಚು ಎತ್ತರದ ಕಡೆ ಜಾಸ್ತಿ ಒತ್ತುತ್ತದೆ, ಗಾಡಿಯನ್ನು ಬಲಕ್ಕೆ ತಳ್ಳುತ್ತದೆ.

ಇದು ಸ್ವಭಾವವಾ, ದೋಷವಾ ಅಂತ ಗೊತ್ತಾಗಬೇಕಾದರೆ ಭಾನುವಾರ ಬೆಳಗ್ಗೆ ಖಾಲಿ ಇರೋ ದೊಡ್ಡ ಪಾರ್ಕಿಂಗ್ ಜಾಗಕ್ಕೆ ಹೋಗಿ. ಅಂಥ ಜಾಗಗಳೂ ನೀರು ಹರಿಯಲಿ ಅಂತ ಸ್ವಲ್ಪ ವಾಲಿರುತ್ತವೆ. ಇಳಿಜಾರಿಗೆ ಅಡ್ಡವಾಗಿ ಒಂದು ಸಲ ಆ ಕಡೆ ಹೋಗಿ, ತಿರುಗಿಸಿಕೊಂಡು ಅದೇ ಜಾಡಿನಲ್ಲಿ ಈ ಕಡೆ ಬನ್ನಿ. ಹೋಗುವಾಗ ಬಲಕ್ಕೆ ಎಳೆದದ್ದು ಬರುವಾಗ ಎಡಕ್ಕೆ ಎಳೆದರೆ ಅದು ನೆಲದ ಇಳಿಜಾರು, ನಿಮ್ಮ ಗಾಡಿ ಸರಿ ಇದೆ. ಎರಡೂ ಸಲ ಬಲಕ್ಕೇ ಎಳೆದರೆ ದೋಷ ಗಾಡಿಯಲ್ಲಿದೆ: ಪೆಟ್ಟಿಗೆಗಳ ಭಾರ ಎರಡು ಕಡೆ ಸಮ ಇಲ್ಲ, ಮುಂದಿನ ಟೈರು ಒಂದು ಪಕ್ಕ ಸವೆದಿದೆ, ಅಥವಾ ಹಿಂದಿನ ಟೈರೇ ಸರಿ ಇಲ್ಲ. ಪೆಟ್ಟಿಗೆ ಎರಡೂ ಖಾಲಿ ಮಾಡಿ ಮತ್ತೆ ಓಡಿಸಿ ನೋಡೋದು ಸುಲಭ, ಅಲ್ಲಿಂದಲೇ ಶುರು ಮಾಡಿ.

ಕಾಂಕ್ರೀಟ್ ಹೈವೇಯಲ್ಲಿ ಉದ್ದಕ್ಕೂ ಕೊರೆದ ಸಣ್ಣ ಗೀರುಗಳ ಮೇಲೆ, ಎರಡು ಲೇನ್ ಸೇರೋ ಜೋಡಣೆಯ ಮೇಲೆ ಗಾಡಿ ಹಾವಿನಂತೆ ಹರಿದರೆ ಅದೂ ಇದೇ ಸ್ವಭಾವ. ಗಾಳಿ ಒಂದೆರಡು ಇಳಿಸಿದರೆ ಸ್ವಲ್ಪ ತಗ್ಗುತ್ತದೆ, ಪೂರ್ತಿ ಹೋಗೋದಿಲ್ಲ. ಹ್ಯಾಂಡಲ್ ಬಿಗಿಯಾಗಿ ಹಿಡಿದಷ್ಟೂ ಜಾಸ್ತಿ ಅನಿಸುತ್ತದೆ. ಕೈ ಸಡಿಲ ಬಿಡಿ.

ತಿರುವಿನಲ್ಲಿ ಮೊಂಡು ಹಿಡಿದರೆ

ಒಂದು ಸ್ಟೀಲ್ ಲೋಟವನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ ಉರುಳಿಸಿ. ಬಾಯಿ ಅಗಲ, ತಳ ಕಿರಿದು, ಹಾಗಾಗಿ ಅದು ತಾನೇ ಸುತ್ತು ಹಾಕಿಕೊಂಡು ಬರುತ್ತದೆ. ವಾಲಿದ ಬೈಕ್ ಟೈರು ಹೀಗೇ. ನಡುಭಾಗದ ಸುತ್ತಳತೆ ದೊಡ್ಡದು, ಅಂಚಿನದು ಚಿಕ್ಕದು. ವಾಲಿಸಿದರೆ ಸಾಕು, ಟೈರೇ ಗಾಡಿಯನ್ನು ತಿರುಗಿಸುತ್ತದೆ. ಈಗ ಒಂದು ಕಾಫಿಪುಡಿ ಡಬ್ಬಿ ಉರುಳಿಸಿ. ಎರಡೂ ತುದಿ ಒಂದೇ ಅಗಲ. ನೇರ ಹೋಗುತ್ತದೆ. ಕಾರ್ ಟೈರು ಆ ಡಬ್ಬಿ.

ಅದಕ್ಕೇ ತಿರುವಿನ ಉದ್ದಕ್ಕೂ ಒಳಗಡೆಯ ಹ್ಯಾಂಡಲನ್ನು ಒತ್ತಿ ಹಿಡಿದೇ ಇರಬೇಕಾಗುತ್ತದೆ. ಕೈ ಸಡಿಲಿಸಿದರೆ ಗಾಡಿ ತಾನೇ ನೆಟ್ಟಗಾಗೋಕೆ ನೋಡುತ್ತದೆ. ವಾಲಿದಾಗ ಟೈರು ನೆಲ ಮುಟ್ಟೋ ಜಾಗ ವಾಲಿದ ಕಡೆಯ ಅಂಚಿಗೆ ಸರಿಯುತ್ತದೆ, ಅಲ್ಲಿಂದ ನೆಲ ಗಾಡಿಯನ್ನು ಎಬ್ಬಿಸಿದಂತೆ ಮೇಲಕ್ಕೆ ಒತ್ತುತ್ತದೆ. ಇದು ಸ್ವಭಾವ. ಒತ್ತಡ ಎಡಕ್ಕೂ ಬಲಕ್ಕೂ ಒಂದೇ ಸಮ ಇದ್ದರೆ, ತಿರುವಿನ ಉದ್ದಕ್ಕೂ ಬದಲಾಗದೆ ಇದ್ದರೆ ಹೆದರೋ ಕಾರಣವಿಲ್ಲ.

ದೋಷ ಅನ್ನೋದು ಹೇಗಿರುತ್ತದೆ? ಎಡ ತಿರುವಿನಲ್ಲಿ ಒಂದು ಥರ, ಬಲ ತಿರುವಿನಲ್ಲಿ ಇನ್ನೊಂದು ಥರ ಇರುತ್ತದೆ. ಅಥವಾ ವಾಲಿಸುತ್ತಾ ಹೋದಾಗ ಒಂದು ಹಂತದಲ್ಲಿ ಗಾಡಿ ಥಟ್ಟನೆ ಕುಸಿದಂತೆ ಒಳಗೆ ಬೀಳುತ್ತದೆ. ಹೀಗೆ ಬಿದ್ದರೆ ಗಾಳಿ ತುಂಬ ಕಮ್ಮಿ ಇದೆ, ಇಲ್ಲ ಪಕ್ಕದ ಗೋಡೆ ಒಳಗೆ ಒಡೆದಿದೆ. ತಿರುವಿನ ನಡುವೆ ಹಿಂಭಾಗ ಒಂದೆರಡು ಸಲ ಚಿಮ್ಮಿದರೆ ಹಿಂದಿನ ಸ್ಪ್ರಿಂಗ್ ಬಿಗಿತ ನೋಡಿ. ಭಾರಕ್ಕೆ ತಕ್ಕಂತೆ ಅದನ್ನು ಬಟನ್ ಒತ್ತಿ ಏರಿಸೋ ವ್ಯವಸ್ಥೆ ಈ ಗಾಡಿಯಲ್ಲೇ ಇದೆ. ಇಬ್ಬರು ಕೂತಾಗಲೂ ಒಬ್ಬರ ಬಿಗಿತದಲ್ಲೇ ಓಡಿಸಿ ಟೈರನ್ನು ಬೈಯೋದು ಸರಿಯಲ್ಲ.

ಸ್ವಭಾವ ಅಂತ ತೀರ್ಮಾನವಾದರೂ ನೀವು ಯಾವ ರಸ್ತೆಯಲ್ಲಿ ಓಡಿಸುತ್ತೀರಿ ಅಂತ ಯೋಚಿಸಿ. ಇಂಟರ್‌ಸ್ಟೇಟ್ 10ರಲ್ಲಿ ಪಶ್ಚಿಮ ಟೆಕ್ಸಸ್ ಕಡೆ ಹೋದರೆ ಗಂಟೆಗಟ್ಟಲೆ ತಿರುವೇ ಸಿಗೋದಿಲ್ಲ, ಅಲ್ಲಿ ಚಪ್ಪಟೆ ಟೈರು ಹಾಯಾಗಿರುತ್ತದೆ. ಲೇಕಿ ಊರಿನ ಸುತ್ತ ರ‍್ಯಾಂಚ್ ರೋಡ್ 335, 336, 337 ಅಂತ ಮೂರು ಬೆಟ್ಟದ ರಸ್ತೆಗಳಿವೆ. ಟ್ವಿಸ್ಟೆಡ್ ಸಿಸ್ಟರ್ಸ್ ಅಂತ ಕರೆಯುತ್ತಾರೆ. ಅಲ್ಲಿ ನಮ್ಮ ಚಾರ್ಮಾಡಿ ಘಾಟಿ ನೆನಪಾಗುವಷ್ಟು ತಿರುವು. 337ರಲ್ಲಿ ಒಬ್ಬನೇ ಅರ್ಧ ದಿನ ಓಡಿಸಿ ಬಂದ ದಿನ ನನ್ನ ಭುಜ, ಮುಂಗೈ ಎರಡೂ ನೋಯುತ್ತಿದ್ದವು. ತಿರುವಿನಲ್ಲಿ ಥಟ್ಟನೆ ಏನಾದರೂ ಅಡ್ಡ ಬಂದರೆ ಗಾಡಿಯನ್ನು ಇನ್ನಷ್ಟು ವಾಲಿಸೋ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ನಡುಕ ಮತ್ತು ಮುಂದಿನ ಗಾಲಿ

55ರಿಂದ 65 ಮೈಲಿ ವೇಗದಲ್ಲಿ ಮಾತ್ರ ನಡುಗಿ, ಆಮೇಲೆ ಕಮ್ಮಿಯಾದರೆ ಬ್ಯಾಲೆನ್ಸ್ ಸರಿ ಇಲ್ಲ ಅಂತ ಮೊದಲ ಅನುಮಾನ. ನಡುಕ ಎಲ್ಲಿ ಬರುತ್ತಿದೆ ಅಂತ ಗಮನಿಸಿ. ಸೀಟಿನಲ್ಲಿ, ಕಾಲಿಡೋ ಜಾಗದಲ್ಲಿ ಬಂದರೆ ಹಿಂದಿನ ಗಾಲಿ. ಹ್ಯಾಂಡಲ್‌ನಲ್ಲಿ ಬಂದರೆ ಮುಂದಿನದು. ಮುಂದಿನ ಗಾಲಿ, ಹಿಂದಿನ ಗಾಲಿ ಎರಡರ ಎತ್ತರವೂ ಹತ್ತಿರ ಹತ್ತಿರ ಇರೋದರಿಂದ ತಾಳ ನೋಡಿ ಬೇರೆ ಮಾಡೋಕೆ ಆಗೋದಿಲ್ಲ. ಬ್ಯಾಲೆನ್ಸ್ ಮಾಡಿಸುವ ಮುಂಚೆ ಗಾಲಿ ತಿರುಗಿಸಿ, ಒಂದು ಕಡ್ಡಿಯನ್ನು ಟೈರಿಗೆ ತಾಗೋ ಹಾಗೆ ಹಿಡಿದು, ಏರಿಳಿತ ಇದೆಯಾ ನೋಡಿ. ಟೈರೇ ಸೊಟ್ಟಗೆ ಕೂತಿದ್ದರೆ ಎಷ್ಟು ಸೀಸದ ಬಿಲ್ಲೆ ಅಂಟಿಸಿದರೂ ಪ್ರಯೋಜನವಿಲ್ಲ.

ವೇಗ ಇಳಿಯುತ್ತಾ 45ರಿಂದ 35 ಮೈಲಿಗೆ ಬರುವಾಗ ಹ್ಯಾಂಡಲ್ ತಾನಾಗೇ ಅದುರಿದರೆ, ಅದನ್ನು ಹಿಂದಿನ ಕಾರ್ ಟೈರಿನ ತಲೆಗೆ ಕಟ್ಟೋ ಮುಂಚೆ ಮುಂದಿನ ಟೈರು, ಕೋನ್ ಸೆಟ್ ನೋಡಿ. ಈ ಅದುರು ಬೈಕ್ ಟೈರು ಇರೋ ಗೋಲ್ಡ್ ವಿಂಗ್‌ಗಳಲ್ಲೂ ಇದ್ದದ್ದೇ. ಮುಂದಿನ ಟೈರಿನ ಮೇಲೆ ಅಂಗೈ ಸವರಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನಂತೆ ತಾಗಿದರೆ ಟೈರು ಏರುಪೇರಾಗಿ ಸವೆದಿದೆ. ಹೊಸದು ಹಾಕಿಸಿ.

ಸಣ್ಣಪುಟ್ಟವು

ಅಳತೆ ಬದಲಾದರೆ ಸ್ಪೀಡೋಮೀಟರ್ ತಪ್ಪು ತೋರಿಸಬಹುದು. 205/60 ಆರ್ 16 ಹಾಕಿದರೆ ಎತ್ತರ ಸುಮಾರು 652 ಮಿಲಿಮೀಟರ್, ಅಂದರೆ ಮೂಲಕ್ಕಿಂತ 5 ಪರ್ಸೆಂಟಿನ ಹತ್ತಿರ ಜಾಸ್ತಿ. ಗಾಡಿ ಎತ್ತರವಾಗುತ್ತದೆ, ಸೈಡ್ ಸ್ಟ್ಯಾಂಡ್ ಹಾಕಿದಾಗ ಜಾಸ್ತಿ ವಾಲಿ ನಿಲ್ಲುತ್ತದೆ, ಸೆಂಟರ್ ಸ್ಟ್ಯಾಂಡ್ ಹಾಕಿದರೂ ಗಾಲಿ ನೆಲ ಮುಟ್ಟಬಹುದು. ಫೋನಿನ ಜಿಪಿಎಸ್ ಜೊತೆ ವೇಗ ಹೋಲಿಸಿ ನೋಡಿ. ಗಾಳಿ ತೋರಿಸೋ ದೀಪ ಇರೋ ಗಾಡಿಯಾದರೆ, 41ಕ್ಕೆ ಹೊಂದಿಸಿದ ದೀಪ 33ಕ್ಕೆ ಹತ್ತಿದರೆ ಆಶ್ಚರ್ಯವಿಲ್ಲ. ಆದರೆ ಆ ದೀಪವನ್ನು ಕಡೆಗಣಿಸೋ ಅಭ್ಯಾಸವಾದರೆ ನಿಜವಾದ ಪಂಕ್ಚರ್ ಆದಾಗ ಗೊತ್ತಾಗೋದಿಲ್ಲ, ಹಾಗಾಗಿ ಪ್ರತಿ ಬೆಳಗ್ಗೆ ಗೇಜ್ ಹಿಡಿಯೋದು ಕಡ್ಡಾಯ.

ಮಳೆಯಲ್ಲಿ ನೇರ ಬ್ರೇಕ್ ಚೆನ್ನಾಗಿ ಹಿಡಿಯುತ್ತಿತ್ತು, ಅದು ನಿಜ. ನಿಂತ ನೀರಿನ ಮೇಲೆ ಮಾತ್ರ ವೇಗ ಇಳಿಸಿ. ಅಗಲದ ಚಪ್ಪಟೆ ಟೈರು ದುಂಡು ಟೈರಿನಷ್ಟು ಚೆನ್ನಾಗಿ ನೀರು ಸೀಳೋದಿಲ್ಲ.

ನನ್ನ ಗಾಡಿ ಏನಾಯಿತು

ಬೀಡ್ ಕೂತಿರದ ಆ ಟೈರನ್ನು ಗಾಳಿ ಬಿಟ್ಟು ಎರಡು ಸಲ ಕೂರಿಸಿ ನೋಡಿದೆ. ಎರಡನೇ ಸಲ 38ಕ್ಕೆ ಟಪ್ ಅಂತ ಹತ್ತಿತು. ಎಂಟು ಕಡೆಯೂ 4 ಮಿಲಿಮೀಟರ್ ಬಂತು, ಓಲಾಟ ಅಲ್ಲಿಗೇ ನಿಂತಿತು. ಚಾಕ್ ಪರೀಕ್ಷೆ, ಪಾರ್ಕಿಂಗ್ ಪರೀಕ್ಷೆ, 337ರ ಓಟ ಎಲ್ಲ ಮಾಡಿದ್ದು ಆಮೇಲೆ. ಪಾರ್ಕಿಂಗ್ ಜಾಗದಲ್ಲಿ ಎಳೆತ ಹೋಗುವಾಗ ಬಲಕ್ಕೆ, ಬರುವಾಗ ಎಡಕ್ಕೆ ಬಂತು. ಅಂದರೆ ಉಳಿದದ್ದೆಲ್ಲ ಸ್ವಭಾವ.

ಆದರೂ ಟೈರು ಬಿಚ್ಚಿಸಿದೆ. ನಮಗಿಬ್ಬರಿಗೂ ಬೆಟ್ಟದ ರಸ್ತೆಯೇ ಇಷ್ಟ, ಅದಕ್ಕೆ ಈ ಟೈರು ಅಲ್ಲ. ಬಿಚ್ಚಿದಾಗ ಆ ಗೇಣುದ್ದದ ಜಾಗದಲ್ಲಿ ಅಂಚಿನ ರಬ್ಬರ್ ಉಜ್ಜಿ ಉಜ್ಜಿ ಒಳಗಿನ ಬಟ್ಟೆಯ ಎಳೆ ಕಾಣುತ್ತಿತ್ತು. ಹೊರಗಿನಿಂದ ಎಷ್ಟು ಅಳೆದರೂ ಇದು ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಅಂಚು ಕೂರದೆ ಓಡಿದ ಟೈರು ಅಂತ ತಿಳಿದರೆ, ಮತ್ತೆ ಕೂರಿಸುವ ಮುಂಚೆ ಪೂರ್ತಿ ಬಿಚ್ಚಿ ಒಳಗೆ ನೋಡಿ. ನಾನು ಅದನ್ನು ಮಾಡದೆ 337ಕ್ಕೆ ಹೋಗಿದ್ದೆ, ಅದು ತಪ್ಪು.

ಈಗ 180/60 ಆರ್ 16 ಬೈಕ್ ಟೈರು ಇದೆ, ಗಾಳಿ 41. ಐದು ನಟ್ಟನ್ನೂ ಟಾರ್ಕ್ ರೆಂಚಿನಲ್ಲಿ ಪುಸ್ತಕದ ಲೆಕ್ಕಕ್ಕೆ ಬಿಗಿದು, 100 ಮೈಲಿ ಓಡಿದ ಮೇಲೆ ಇನ್ನೊಮ್ಮೆ ನೋಡಿದೆ. ಮುಂದಿನ ಶನಿವಾರ ಹೆಂಡತಿಯನ್ನು ಕೂರಿಸಿಕೊಂಡು ಲೇಕಿಗೆ ಹೊರಟೆ. ನಾಲ್ಕನೇ ತಿರುವು ದಾಟಿದ ಮೇಲೆ ಹೆಲ್ಮೆಟ್ಟಿನ ಸ್ಪೀಕರಿನಲ್ಲಿ ಅವಳ ದನಿ ಬಂತು: "ಈಗ ಸರಿ ಹೋಯ್ತು ರೀ."